ಅಳಗುಳಿಮಣೆಯ ಮೇಲೆ ಕಟ್ಟಿದ ಹಾಡು

ಹಾಡು ಕಟ್ಟುವುದು ಎಂದರೆ ಹಾಡು ಬರೆಯುವುದಲ್ಲ. ಬರೆದವರು, ರಾಗ ಹಾಕಿದವರು, ಹಾಡಿದವರು ಎಲ್ಲರೂ ಮದರಾಸಿನಲ್ಲಿದ್ದರು. ಅವರ ಹಾಡನ್ನು ನಮ್ಮ ಬ್ಯಾಂಡ್‌ಸೆಟ್ಟಿನವರ ಬಾಯಿಗೆ, ಕೈಗೆ ಹೊಂದುವಂತೆ ಹಂಚಿಕೊಡುವುದನ್ನು ನಾವು ಕಟ್ಟುವುದು ಎನ್ನುತ್ತಿದ್ದೆವು. ಸಿನಿಮಾದಲ್ಲಿ ಸಾಲುಗಟ್ಟಿ ಕೂತವರು ಪಿಟೀಲು ಎಳೆದದ್ದನ್ನು ಇಲ್ಲಿ ಒಬ್ಬ ಕ್ಲಾರಿನೆಟ್ಟಿನವನು ಊದಬೇಕು. ಹೆಣ್ಣು ದನಿಗೆ ಕ್ಲಾರಿನೆಟ್ಟು, ಗಂಡು ದನಿಗೆ ಟ್ರಂಪೆಟ್ಟು, ತಳಕ್ಕೆ ಗುಂಯ್ ಎನ್ನಲು ದೊಡ್ಡ ಹೊಟ್ಟೆಯ ಹಿತ್ತಾಳೆ ವಾದ್ಯ; ಅದನ್ನು ಬಾಸು ಎಂದು ಕರೆಯುತ್ತಿದ್ದೆವು. ಯಾರು ಎಲ್ಲಿ ಶುರು ಮಾಡಬೇಕು, ಯಾರು ಎಲ್ಲಿ ಬಾಯಿ ಮುಚ್ಚಬೇಕು, ಯಾವ ಸಾಲು ಎಷ್ಟು ಸಲ ಬರಬೇಕು, ಇದೇ ಕಟ್ಟುವ ಕೆಲಸ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಒಂದು ಬ್ಯಾಂಡಿನಲ್ಲಿ ಆ ಕೆಲಸ ನನ್ನದಾಗಿತ್ತು. ಕ್ಲಾರಿನೆಟ್ಟು ಊದುವ ಕೆಲಸವೂ ನನ್ನದೇ.

ಮೊದಲಿದ್ದ ಪದ್ಧತಿ ಕಾಗದದ್ದು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ರೇಡಿಯೋದಲ್ಲಿ ಹೊಸ ಹಾಡು ಬಂದರೆ ಗಲ್ಲಾದ ಮೇಲೆ ಕೂತವರು ನನಗಾಗಿ ದನಿ ಜಾಸ್ತಿ ಮಾಡುತ್ತಿದ್ದರು. ಕೇಳಿ ಬಂದು, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೀಟು ಎಳೆದು, ಒಬ್ಬೊಬ್ಬರದು ಒಂದೊಂದು ಸಾಲಿನಲ್ಲಿ ಬರೆಯುತ್ತಿದ್ದೆ. ಅಕ್ಷರ ಬಾರದವರಿಗೆ ಬೆರಳಿಟ್ಟು ತೋರಿಸುತ್ತಿದ್ದೆ. ಅದರಲ್ಲಿ ತೊಂದರೆ ಏನೂ ಇರಲಿಲ್ಲ, ನನ್ನ ಕಣ್ಣು ಸರಿಯಿದ್ದಷ್ಟು ದಿನ.

ಕಣ್ಣು ಹೋಗುವುದು ಸಂಜೆಯಿಂದ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಮನೆಯ ಮೆಟ್ಟಿಲು ಕಾಣದಾಯಿತು. ಆಮೇಲೆ ಹಗಲೂ ಅಂಚಿನಿಂದ ಒಳಗೆ ಮುಚ್ಚಿಕೊಳ್ಳುತ್ತ ಬಂತು. ದಾವಣಗೆರೆಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಒಳಗಿನ ಪರದೆ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದರು. ನನ್ನ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ನಾನು ಅವರ ಗೋಡೆ ಗಡಿಯಾರದ ಟಿಕ್ ಟಿಕ್ಕನ್ನು ಯಾವ ನಡೆಗೆ ಹೊಂದಿಸಬಹುದು ಎಂದು ಕೇಳಿಸಿಕೊಳ್ಳುತ್ತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂತು. ಒಳ್ಳೆಯ ನಿದ್ದೆಯೇ.

ನನಗೆ ಮಾತು ಕಲಿಸಿದವರು ನಮ್ಮಜ್ಜಿ. ಅವರು ಕಷ್ಟ ಎನ್ನುವ ಪದವನ್ನೇ ಬಳಸುತ್ತಿರಲಿಲ್ಲ. ಮನೆಗೆ ಬಂದ ನೆಂಟರ ಸುದ್ದಿ ಹೇಳಿದಂತೆ, "ಬಂದೈತೆ, ಕುಂತೈತೆ" ಎನ್ನುತ್ತಿದ್ದರು. ನನ್ನದೂ ಹಾಗೇ ಆಯಿತು. ಬಂದಿತ್ತು, ಕೂತಿತ್ತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈಯೊಳಗೆ ಯಾರೋ ಹತ್ತಿ ತುರುಕಿದಂತೆ ಎಲ್ಲವೂ ಒಂದಿಷ್ಟು ದೂರದಿಂದ ಕೇಳಿಸುತ್ತಿತ್ತು. ಹೆಂಡತಿ ನನ್ನನ್ನು ಪರೀಕ್ಷೆ ಮಾಡಲೆಂದು ಒಂದು ದಿನ ಉಪ್ಪು ಹಾಕದ ಸಾರು ಬಡಿಸಿದಳಂತೆ. ಮುದ್ದೆ ಮುರಿದು, ಅದ್ದಿ, ಪೂರ್ತಿ ಉಂಡು ಎದ್ದೆ.

"ಏನ್ರೀ, ಸಾರು ಹೆಂಗಿತ್ತು?"

"ಚೆನ್ನಾಗಿತ್ತು."

ಅವಳು ತಟ್ಟೆ ಎತ್ತಿಕೊಂಡು ಹೋದಳು. ಉಪ್ಪಿನ ಸಂಗತಿ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅವಳು ತನ್ನ ಅಕ್ಕನಿಗೆ ಹೇಳುತ್ತಿದ್ದಾಗ.

ಬ್ಯಾಂಡಿನ ಯಜಮಾನರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ತಾತ ಮುತ್ತಾತನ ಕಾಲದಿಂದ ದುರ್ಗದ ಪೇಟೆಯಲ್ಲಿ ಹೊಲಿಗೆಯ ಮನೆತನ ಅವರದು. ಬೇರೆ ಬ್ಯಾಂಡಿನವರಿಗೆ ಕೆಂಪು ಕೋಟು ಹೊಲಿಯುತ್ತ ಹೊಲಿಯುತ್ತ, ಕೋಟಿನೊಳಗೆ ಮನುಷ್ಯರನ್ನೂ ನಾನೇ ತುಂಬಿದರೆ ಹೇಗೆ ಎಂದು ಸ್ವಂತ ಬ್ಯಾಂಡು ಮಾಡಿದವರು. ಒಂದು ಬೆಳಗ್ಗೆ ಅಂಗಡಿಗೆ ಕರೆಸಿದರು. ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿದ್ದು ಕೇಳಿದಾಗಲೇ ಮಾತು ದೊಡ್ಡದಿದೆ ಎಂದು ಗೊತ್ತಾಯಿತು.

"ಕುಂತ್ಕಳಪ್ಪ. ಸುತ್ತಿ ಬಳಸಿ ಕೇಳಲ್ಲ. ಕಾಗದ ಕಾಣ್ತೈತೇನು?"

"ದೊಡ್ಡಕ್ಷರ ಬರದ್ರೆ ಕಾಣ್ತೈತೆ ಸಾಹೇಬ್ರೆ."

"ಮೊನ್ನೆ ಬರದಿದ್ದು ಗೀಟಿನ ಮ್ಯಾಲೆ ಗೀಟು. ಟ್ರಂಪೆಟ್ಟಿನವನು ತಂದು ತೋರಿಸ್ದ. ಇದು ಹಾಡೋ, ಹುಂಜ ಕೆರದಿರಾದೋ ಅಂದ."

ಅವರು ಕತ್ತರಿಯನ್ನು ಎತ್ತಿ ಇಟ್ಟರು, ಮತ್ತೆ ಎತ್ತಿ ಇಟ್ಟರು.

"ದಾವಣಗೆರೆಯಾಗೆ ಒಬ್ಬ ಅವನೆ. ಓದ್ತಾನೆ, ಬರೀತಾನೆ, ಕ್ಲಾರಿನೆಟ್ಟೂ ಊದ್ತಾನೆ. ಹೊಳಲ್ಕೆರೆ ಮದುವೆ ತನಕ ನೋಡ್ತೀನಿ. ಅಷ್ಟರಾಗೆ ಮೊದಲಿನಂಗೆ ಹಾಡು ಕಟ್ಟಿಕೊಟ್ರೆ ನೀನೇ ಇರ್ತೀಯ. ಇಲ್ಲಾಂದ್ರೆ ಅವನಿಗೆ ಹೇಳಿ ಕಳಿಸ್ಬೇಕಾಗ್ತೈತೆ. ಎಲ್ಲರ ಹೊಟ್ಟೆನೂ ನೋಡ್ಬೇಕಲ್ಲಪ್ಪ ನಾನು."

"ಆಗ್ಲಿ ಸಾಹೇಬ್ರೆ" ಎಂದೆ. ಬೇರೆಯವರ ವಿಷಯಕ್ಕೆ ಒಪ್ಪಿಗೆ ಕೊಟ್ಟ ಹಾಗಿತ್ತು.

ಅಂದಿನಿಂದ ನನಗಿದ್ದ ಯೋಚನೆ ಒಂದೇ. ಕಣ್ಣಿಲ್ಲದೆ ಹಾಡು ಕಟ್ಟುವುದು ಯಾವ ದಾರಿಯಲ್ಲಿ? ಕಟ್ಟಿದ್ದು ನನ್ನ ಕೈಗೂ ಸಿಗಬೇಕು, ಅಕ್ಷರ ಬಾರದವರಿಗೂ ಸಿಗಬೇಕು, ಮದುವೆಗೆ ಮೊದಲೇ ಮುಗಿಯಬೇಕು.

ಸಾಹೇಬರ ಭಾವಮೈದುನ ಬೊಂಬಾಯಿಯಿಂದ ಒಂದು ಟೇಪ್‌ರೆಕಾರ್ಡರ್ ತಂದಿದ್ದ. ಅದನ್ನು ಕೇಳಿ ತಂದು, ಹೋಟೆಲಿನ ರೇಡಿಯೋದ ಮುಂದಿಟ್ಟು ಹೊಸ ಹಾಡು ತುಂಬಿಕೊಂಡೆ. ಗುಂಡಿಗಳು ಬೆರಳಿಗೆ ಸಿಗುವಂಥವು. ನನ್ನಂಥವನಿಗೆಂದೇ ಮಾಡಿದ್ದಾರೇನೋ ಅನ್ನಿಸಿತು. ಆದರೆ ಟೇಪು ಹಾಡನ್ನು ಇಡಿಯಾಗಿ ಹೇಳುತ್ತದೆ, ಹಂಚಿ ಹೇಳುವುದಿಲ್ಲ. ಕೇಳಿದವರೆಲ್ಲ ಹೆಣ್ಣು ದನಿಯನ್ನೇ ಕಲಿತು ಬಂದರು. "ಎಲ್ರೂ ಹೆಂಗಸ್ರಾದ್ವಿ, ಇನ್ನ ಗಂಡು ಯಾರೋ ಈ ಮದುವೆಗೆ?" ಎಂದ ಟ್ರಂಪೆಟ್ಟಿನವನು. ನಡುವಿನ ಒಂದು ತುಣುಕನ್ನು ಮತ್ತೆ ಕೇಳಿಸಬೇಕೆಂದರೆ ಸುರುಳಿಯನ್ನು ಹಿಂದಕ್ಕೆ ತಿರುಗಿಸಬೇಕು. ಅದು ಹೋಗಿ ಬೇರೆಲ್ಲೋ ನಿಲ್ಲುತ್ತಿತ್ತು. ಸೆಲ್ಲು ಮುಗಿಯುತ್ತ ಬಂದಾಗ ಹಾಡಿದವಳ ದನಿ ಗಂಡಸಿನದಾಗಿ, ಗಂಡಸಿನದು ಕೋಣನದಾಗಿ, ನಿಂತೇ ಹೋಯಿತು.

ಆಮೇಲೆ ಬಾಯಿಪಾಠ. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಅವರವರ ಭಾಗ ಹಾಡಿ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು ಅಂತ ಕಾಣುತ್ತದೆ. ಮಾರನೆಯ ದಿನ ಒಟ್ಟಿಗೆ ಊದಲು ನಿಂತರೆ, "ನೀನು ನಿನ್ನೆ ಹಿಂಗಂದಿಲ್ಲ", "ಅಂದವ್ನಲ್ಲೋ", "ನಂಗೆ ಎಲ್ಡು ಸಲ ಅಂದವ್ನೆ, ಅವನಿಗೆ ಒಂದ್ಸಲ ಅಂದವ್ನೆ" ಎಂದು ಪಂಚಾಯಿತಿ ಶುರು. ಅವರ ತಪ್ಪಷ್ಟೇ ಅಲ್ಲ. ನಾನು ಹೇಳಿದ್ದು ನನಗೇ ಉಳಿದಿರಲಿಲ್ಲ. ಕಾಗದದಲ್ಲಿದ್ದ ಗುಣ ಅದು, ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಗಾಳಿಯಲ್ಲಿ ಇಟ್ಟದ್ದು ಇರುವುದಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಪಕ್ಕದ ಮನೆಯವರೊಡನೆ ಅಳಗುಳಿಮಣೆ ಆಡುತ್ತಿದ್ದಳು. ಹೊಸದುರ್ಗದ ತವರಿನಿಂದ ತಂದಿದ್ದ ಮಣೆ. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಹುಣಸೆಬೀಜಗಳು ಗುಳಿಯಿಂದ ಗುಳಿಗೆ ಟಕ್ ಟಕ್ ಎಂದು ಬೀಳುತ್ತ, ಒಂದು ಸಾಲು ಮುಗಿಸಿ, ತಿರುಗಿ, ಎದುರಿನ ಸಾಲಿನಲ್ಲಿ ವಾಪಸು ಬರುವುದು ಕೇಳಿಸುತ್ತಿತ್ತು. ಹಾಡೂ ಹಾಗೇ ಅಲ್ಲವೇ ಹೋಗುವುದು? ಪಲ್ಲವಿಯಿಂದ ಹೊರಟು, ಚರಣ ಸುತ್ತಿ, ಪಲ್ಲವಿಗೇ ಬರುತ್ತದೆ.

"ಮಣೆ ಈಟು ಕೊಡು" ಎಂದೆ.

"ಆಟ ನಡದೈತೆ."

"ಕೊಡವ್ವ, ನೀನು ಸೋಲ್ತಿದ್ದೀಯ ಅಂತ ಕಾಪಾಡಾಕೆ ಬಂದವ್ರೆ ಯಜಮಾನ್ರು" ಎಂದರು ಪಕ್ಕದ ಮನೆಯವರು.

ಆ ಸಂಜೆಯೊಳಗೆ ಒಂದು ಕ್ರಮ ಮಾಡಿಕೊಂಡೆ. ಒಂದೊಂದು ಗುಳಿಯೂ ಹಾಡಿನ ಒಂದೊಂದು ತುಣುಕು. ಹುಣಸೆಬೀಜ ಬಿದ್ದಲ್ಲಿ ಕ್ಲಾರಿನೆಟ್ಟು, ಗುಲಗಂಜಿ ಬಿದ್ದಲ್ಲಿ ಟ್ರಂಪೆಟ್ಟು, ಹರಳುಬೀಜ ಬಿದ್ದಲ್ಲಿ ಬಾಸು. ಎಷ್ಟು ಬೀಜವೋ ಅಷ್ಟು ಸಲ. ಡ್ರಮ್ಮಿನವರದು ಸದಾ ನಡೆಯುವುದೇ, ಅವರಿಗೆ ಬೀಜ ಬೇಡ. ಗುಳಿ ಬರಿದಾಗಿದ್ದರೆ ಊದುವವರೆಲ್ಲ ಬಾಯಿ ಮುಚ್ಚಬೇಕು, ಡ್ರಮ್ಮು ಮಾತ್ರ. ಕಾಗದಕ್ಕಿಂತ ಇದರಲ್ಲಿ ಒಂದು ಸುಖ ಹೆಚ್ಚಿತ್ತು. ಟ್ರಂಪೆಟ್ಟು ಮೊದಲು ಬಂದರೆ ಚೆನ್ನ ಎನ್ನಿಸಿದರೆ ಈ ಗುಳಿಯದನ್ನು ಆ ಗುಳಿಗೆ ಸುರಿದರಾಯಿತು. ಮುಂಚೆ ಅಷ್ಟಕ್ಕೇ ಇಡೀ ಹಾಳೆ ಮತ್ತೆ ಬರೆಯುತ್ತಿದ್ದೆ.

ಅಭ್ಯಾಸಕ್ಕೆ ನಾವು ಚಂದ್ರವಳ್ಳಿಯ ಕಡೆ ಹೋಗುತ್ತಿದ್ದೆವು. ಊರೊಳಗೆ ಊದಿದರೆ ಬೈಯುತ್ತಿದ್ದರು. ಬಂಡೆಯ ಮೇಲೆ ಮಣೆ ಇಟ್ಟೆ. ಒಬ್ಬೊಬ್ಬರೇ ಬಂದು ತಮ್ಮ ಬೀಜ ಎಲ್ಲೆಲ್ಲಿದೆ ಎಂದು ಬೆರಳಾಡಿಸಿ, ಬಾಯಲ್ಲಿ ಗುನುಗಿ, ಎದ್ದು ಹೋಗಿ ಊದಿದರು. ಎಲ್ಲರಿಗಿಂತ ಬೇಗ ಹಿಡಿದವನು ಬಾಸಿನವನು. ಬಿ.ದುರ್ಗದ ಕಡೆಯ ಕುರಿಗಾರರ ಮನೆಯವನು, ನನ್ನ ಓರಗೆಯವನೇ. ಕುರಿ ಕಾಯುವಾಗ ನೆಲದಲ್ಲೇ ಗುಳಿ ತೋಡಿ ಕುರಿಹಿಕ್ಕೆಯಲ್ಲಿ ಅಳಗುಳಿ ಆಡಿ ಬೆಳೆದವನು.

"ಇದೇನು ಅಣ್ಣ, ನಂಗೆ ಮೊದ್ಲೇ ಹಿಂಗೆ ಹೇಳಿದ್ರೆ ಇಷ್ಟೊತ್ತಿಗೆ ಮದರಾಸಿನಾಗಿರ್ತಿದ್ದೆ" ಎಂದ.

ಸೈಡ್ ಡ್ರಮ್ಮಿನವರು ಬರಿಗುಳಿ ಬಂದಾಗಲೆಲ್ಲ "ಹಾಂ, ತಡೀರಿ" ಎಂದು ಕೂಗುತ್ತಿದ್ದರು. ಹಾಡು ಕೂಡಿ ಬಂತು. ಸಾಹೇಬರು ಬಂದು ಕೇಳಿ, "ಹೊಳಲ್ಕೆರೆಗಿಂತ ಮೊದ್ಲು ಹಿರಿಯೂರಿನ ಮದುವೆ ಐತಲ್ಲ, ಅಲ್ಲಿ ನೋಡಾಣ" ಎಂದರು.

ಹಿರಿಯೂರಿನ ಮದುವೆ ಹಗಲಿನದು. ಗಂಡಿನವರು ಮಾರಿಕಣಿವೆಯ ಕಡೆಯವರು, ಗಂಡಿನ ತಂದೆ ಡ್ಯಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದವರು. ದಿಬ್ಬಣ ಎದುರುಗೊಳ್ಳುವಾಗ ಹೊಸ ಹಾಡು ಶುರು ಮಾಡಿದೆವು. ಪಲ್ಲವಿ ಸರಿಯಾಗಿ ಬಂತು. ಗಂಡಿನ ಗೆಳೆಯರು ಕುಣಿಯತೊಡಗಿದರು. ಮೊದಲ ಬರಿಗುಳಿ ಬಂತು, ನಾನು ನಿಲ್ಲಿಸಿದೆ, ಟ್ರಂಪೆಟ್ಟು ನಿಂತಿತು. ಬಾಸು ನಿಲ್ಲಲಿಲ್ಲ. ಅದು ನೇರ ಮುಂದಿನ ತುಣುಕಿಗೆ ಹಾರಿ ಗುಂಯ್ ಎಂದಿತು. ಅದನ್ನು ಕೇಳಿ ಟ್ರಂಪೆಟ್ಟಿನವನು ತಾನೇ ತಡವಾದೆ ಎಂದುಕೊಂಡು ಅರ್ಧದಲ್ಲಿ ಸೇರಿಕೊಂಡ. ನಾನು ನನ್ನ ಜಾಗದಲ್ಲಿ ಶುರು ಮಾಡಿದೆ. ಒಂದೇ ಹಾಡು ಮೂರು ಕಡೆ ನಡೆಯಿತು.

"ಏನ್ರಪ್ಪಾ, ಎಷ್ಟು ಮದುವೆ ನಡದಾವೆ ಇಲ್ಲಿ?" ಎಂದು ಯಾರೋ ಕೂಗಿದರು. ಜನ ನಕ್ಕರು. ಸಾಹೇಬರು ಮುಂದೆ ಬಂದು ಹಳೆಯ ಹಾಡೊಂದಕ್ಕೆ ಕೈ ಮಾಡಿರಬೇಕು, ಡ್ರಮ್ಮು ಬದಲಾಯಿತು.

ಊಟದ ಹೊತ್ತಿನಲ್ಲಿ ಟ್ರಂಪೆಟ್ಟಿನವನು ಎಲೆಯ ಮುಂದೆ ಕೂತು, "ಹುಣಸೆಬೀಜ ಇಟ್ಕಂಡು ಹಾಡು ಕಟ್ಟಿದ್ರೆ ಇನ್ನೇನಾಗ್ತೈತೆ, ಹುಳಿ ಆಗ್ತೈತೆ" ಎಂದ. ಸಾಹೇಬರು ಬೈಯಲಿಲ್ಲ. ನನ್ನ ಪಕ್ಕ ಬಂದು ನಿಂತು, "ದಾವಣಗೆರೆಗೆ ಹೇಳಿ ಕಳಿಸ್ತೀನಿ ಕಣಪ್ಪ. ಹೊಳಲ್ಕೆರೆ ಮದುವೆ ನಿಂದೇ. ಅದಾದ ಮ್ಯಾಲೆ ನಾನೇನೂ ಹೇಳಾಕಾಗಲ್ಲ" ಎಂದರು. ಪಾಯಸ ಬಡಿಸುತ್ತಿದ್ದರು. ನಾನು ಇನ್ನೊಂದು ಸಲ ಹಾಕಿಸಿಕೊಂಡೆ.

ಬಾಸಿನವನು ಮಾತ್ರ ಕೊರಗಿಬಿಟ್ಟಿದ್ದ. ನಾಲ್ಕಾರು ದಿನ ಬಿಟ್ಟು ಮನೆಗೆ ಬಂದ, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಒಂದು ಕುಂಬಳಕಾಯಿ.

"ಅಣ್ಣ, ನಂಗೆ ಹಾಡು ಮರ್ತಿಲ್ಲ. ಸತ್ಯವಾಗ್ಲೂ ಬೆರಳಾಗೈತೆ. ಅದ್ಯಾಕೆ ಮುಂದಕ್ಕೆ ಹೋಯ್ತೋ ಗೊತ್ತಾಗ್ವಲ್ದು."

"ಕುಂತ್ಕ. ಮಣೆ ಮ್ಯಾಲೆ ಇನ್ನೊಂದ್ಸಲ ಬೆರಳಾಡ್ಸು" ಎಂದೆ.

ಅವನು ಗುನುಗುತ್ತ ಗುಳಿಯಿಂದ ಗುಳಿಗೆ ಹೋದ. ನಾನು ನೋಡುವಂತಿರಲಿಲ್ಲ, ಕೇಳುತ್ತ ಕೂತೆ. ಬರಿಗುಳಿ ಬಂದಾಗ ಸರ್ ಎಂದು ಒರೆಸಿದ ಸದ್ದು ಬಂತು. ಮರುಕ್ಷಣವೇ ಮುಂದಿನ ಗುಳಿಯ ಬೀಜಗಳು ಅವನ ಮುಷ್ಟಿಯಲ್ಲಿದ್ದವು.

"ಈಗೇನು ಮಾಡ್ದೆ?"

"ಏನೂ ಮಾಡ್ಲಿಲ್ವಲ್ಲ."

ಒಳಗಿನಿಂದ ಹೆಂಡತಿ, "ಬರಿಗುಳಿ ಒರಸಿ ಮುಂದಿನ್ದು ಎತ್ಕಂಡೆ ಕಣಪ್ಪ. ಆಟ ಆಡ್ಬಿಟ್ಟೆ" ಎಂದಳು.

ಅಳಗುಳಿ ಆಡಿದವರಿಗೆಲ್ಲ ಗೊತ್ತು. ಕೈಯಲ್ಲಿದ್ದ ಬೀಜ ಮುಗಿದು ಮುಂದೆ ಬರಿಗುಳಿ ಸಿಕ್ಕಿದರೆ, ಅದನ್ನು ಕೈಯಲ್ಲಿ ಸವರಿ, ಅದರಾಚೆಯ ಗುಳಿಯಲ್ಲಿದ್ದದ್ದನ್ನೆಲ್ಲ ಬಾಚಿಕೊಳ್ಳಬೇಕು. ಗೆಲ್ಲುವುದೇ ಹಾಗೆ. ಹುಟ್ಟಿದಂದಿನಿಂದ ಆಡಿದ ಬೆರಳಿಗೆ ಬರಿಗುಳಿ ನಿಲ್ಲುವ ಜಾಗವೇ ಅಲ್ಲ, ದಾಟಿ ಬಾಚುವ ಜಾಗ. ಚಂದ್ರವಳ್ಳಿಯಲ್ಲಿ ಡ್ರಮ್ಮಿನವರ ಕೂಗು ಅವನನ್ನು ತಡೆದಿತ್ತು. ಹಿರಿಯೂರಿನ ಗದ್ದಲದಲ್ಲಿ ಆ ಕೂಗು ಕೇಳಿಸಿರಲಿಲ್ಲ. ಅವನನ್ನು ತಡೆಯಲಿಲ್ಲವೆಂದರೆ ಅವನು ಗೆದ್ದುಬಿಡುತ್ತಿದ್ದ.

ಅವನು ಜೋರಾಗಿ ನಕ್ಕ. ನಗುತ್ತಲೇ ಕಂಬಳಿಯ ಅಂಚಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು, ಉಂಡೆ ಮಾಡಿ, ಬರಿಗುಳಿಯೊಳಗೆ ಒತ್ತಿದ. "ಇದು ಬಂದ್ರೆ ಬಾಯಿ ಮುಚ್ಕಳಾದು. ಮೆತ್ತಗೆ ತಾಗ್ತೈತೆ, ಎತ್ಕಳಾಕೂ ಮನಸು ಬರಲ್ಲ."

"ಕಂಬಳಿ ಪೂರ್ತಿ ಕಿತ್ತು ಹೋಗಾದ್ರಾಗೆ ಹಾಡು ಕಟ್ಟಿ ಮುಗಿಸ್ರಪ್ಪ" ಎಂದಳು ಹೆಂಡತಿ.

ಬರಿಗುಳಿ ಇದ್ದಲ್ಲೆಲ್ಲ ಉಣ್ಣೆ ತುಂಬಿದೆವು. ಚಂದ್ರವಳ್ಳಿಯಲ್ಲಿ ಡ್ರಮ್ಮಿನವರಿಗೆ ಕೂಗಬೇಡಿ ಎಂದು ಹೇಳಿ ಊದಿಸಿದೆ. ಬಾಸು ನಿಂತಿತು. ಇನ್ನೂ ಒಂದು ಕೆಲಸ ಮಾಡಿಸಿದೆ. ಎಲ್ಲರೂ ತಮ್ಮ ಬೀಜವನ್ನಷ್ಟೇ ಅಲ್ಲ, ಇಡೀ ಮಣೆಯನ್ನು ಬೆರಳಿಗೆ ಹತ್ತಿಸಿಕೊಳ್ಳಬೇಕು, ಯಾರ ಹಿಂದೆ ಯಾರು ಬರುತ್ತಾರೆಂದು ಎಲ್ಲರಿಗೂ ತಿಳಿದಿರಬೇಕು ಎಂದೆ. ಟ್ರಂಪೆಟ್ಟಿನವನು ಗೊಣಗಿದ, ಆದರೆ ಕಲಿತ.

ಹೊಳಲ್ಕೆರೆಯಲ್ಲಿ ಮೆರವಣಿಗೆ ಹೊರಡುವಾಗ ಹೊತ್ತು ಮುಳುಗುತ್ತಿತ್ತು. ಗ್ಯಾಸ್‌ಲೈಟು ಹೊತ್ತವರು ನಮ್ಮ ಎರಡೂ ಬದಿಗಿದ್ದರು. ನನಗೆ ಅವು ಮಸುಕು ಚುಕ್ಕೆಗಳು. ಬಾಸಿನವನು ನನ್ನ ಮುಂದೆ ನಡೆಯುತ್ತಿದ್ದ, ಅವನ ಹೆಜ್ಜೆಯ ಸದ್ದಿಗೆ ನನ್ನ ಹೆಜ್ಜೆ ಹಾಕುತ್ತಿದ್ದೆ. ಪಲ್ಲವಿ ಬಂತು. ಉಣ್ಣೆ ಬಂತು, ಎಲ್ಲರೂ ಊದುವುದು ನಿಲ್ಲಿಸಿದರು, ಡ್ರಮ್ಮು ಒಂದೇ ಓಡಿತು, ಜನ ಶಿಳ್ಳೆ ಹಾಕಿದರು. ಮತ್ತೆ ಎಲ್ಲರೂ ಸೇರಿ ಚರಣಕ್ಕೆ ಇಳಿದೆವು. ಅಲ್ಲಿಯವರೆಗೆ ಒಂದು ಎಳೆ ಬಿಡಲಿಲ್ಲ.

ತಿರುವಿನಲ್ಲಿ ಬಾಸಿನವನು ಎಡಕ್ಕೆ ಹೊರಳಿದ್ದು ನನಗೆ ತಿಳಿಯಲಿಲ್ಲ. ನೇರ ನಡೆದೆ. ಕಾಲಡಿ ನೆಲ ಇರಲಿಲ್ಲ. ಚರಂಡಿಯಲ್ಲಿ ಮೊಣಕಾಲಿನವರೆಗೆ ನಿಂತಿದ್ದೆ, ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ಅದಕ್ಕೇನೂ ಆಗಿರಲಿಲ್ಲ.

ಹಾಡು ನಿಲ್ಲಲಿಲ್ಲ. ನನ್ನ ಗುಳಿ ಬಂದಾಗ ಟ್ರಂಪೆಟ್ಟಿನವನು ಅದನ್ನು ಎತ್ತಿಕೊಂಡ. ಹುಣಸೆಬೀಜದ ಸಾಲನ್ನು ಬಲು ಹಗುರಾಗಿ, ದನಿ ಸಣ್ಣ ಮಾಡಿಕೊಂಡು ಊದಿದ. ಅವನಿಗೆ ಇಡೀ ಮಣೆ ಗೊತ್ತಿತ್ತು. ಬಾಸು ತನ್ನ ಜಾಗಕ್ಕೆ ಬಂತು. ಹಾಡು ತಿರುವು ದಾಟಿ, ಮಾರುಕಟ್ಟೆಯ ಕಡೆ ಹೋಗಿ, ಅಲ್ಲಿ ಸುತ್ತಿ ಪಲ್ಲವಿಗೆ ಬಂದು ಮುಗಿಯಿತು. ನಾನು ಚರಂಡಿಯಲ್ಲೇ ನಿಂತು ಕೊನೆಯವರೆಗೆ ಕೇಳಿದೆ. ಎಲ್ಲೂ ತಪ್ಪಿರಲಿಲ್ಲ. ನಾನಿಲ್ಲದ ಜಾಗ ಹುಡುಕಿದೆ, ಸಿಗಲಿಲ್ಲ. ಆಗ ಏನನ್ನಿಸಿತು ಎಂದು ಆಮೇಲೆ ಕೆಲವರು ಕೇಳಿದ್ದಾರೆ. ಕಾಲಿಗೆ ತಣ್ಣಗಿತ್ತು. ಅಷ್ಟೇ ಹೇಳಬಲ್ಲೆ.

ಕೈಹಿಡಿದು ಮೇಲೆ ಎಳೆದವರು ಸಾಹೇಬರು. ತಮ್ಮ ಹೆಗಲ ವಸ್ತ್ರದಿಂದಲೇ ನನ್ನ ಕಾಲು ಒರೆಸಿದರು. ನಾನು ಬೇಡ ಎಂದರೂ ಬಿಡಲಿಲ್ಲ.

"ಹಾಡು ಕೇಳಿದ್ಯೇನು?"

"ಕೇಳ್ದೆ."

"ಹಿಂಗೆ ನಮ್ಮ ಬ್ಯಾಂಡ್ನಾಗೆ ಯಾವತ್ತೂ ಆಗಿರಲಿಲ್ಲ. ಒಬ್ಬ ಬಿದ್ರೆ ಎಲ್ಲರೂ ಬೀಳ್ತಿದ್ರು." ವಸ್ತ್ರ ಹಿಂಡಿಕೊಂಡು ಮತ್ತೆ ಹೇಳಿದರು, "ಹಾಡು ಕಟ್ಟಾದು ನಿಂದೇ. ಅದನ್ನ ಯಾರಿಗೂ ಕೊಡಲ್ಲ. ಊದಾಕೆ ದಾವಣಗೆರೆಯವನು ಬರ್ತಾನೆ. ನೀನು ಇನ್ನ ಮೆರವಣಿಗೆಗೆ ಬರಬ್ಯಾಡಪ್ಪ. ಇವತ್ತು ಚರಂಡಿ, ನಾಳೆ ಲಾರಿ. ನಿನ್ನ ಹೆಂಡ್ತಿಗೆ ಏನಂತ ಹೇಳ್ಲಿ ನಾನು?"

"ಆಗ್ಲಿ ಸಾಹೇಬ್ರೆ."

ಕ್ಲಾರಿನೆಟ್ಟು ಅವರದು. ಅಲ್ಲೇ ಬಟ್ಟೆಯಲ್ಲಿ ಒರೆಸಿ ಅವರ ಕೈಗಿಟ್ಟೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಏನಂದ್ರು?"

"ಹಾಡು ಕಟ್ಟು ಅಂದ್ರು. ಊದೋದು ಬ್ಯಾಡ ಅಂದ್ರು."

ಅವಳು ಬಗ್ಗಿ ನನ್ನ ಒದ್ದೆ ಬಟ್ಟೆ ಮುಟ್ಟಿ ನೋಡಿದಳು. ಆಮೇಲೆ, "ಹಂಗಾರೆ ನನ್ನ ಮಣೆ ಇನ್ನ ನಂಗೆ ಸಿಗಲ್ಲ ಬಿಡ್ರಿ" ಎಂದು ಕಾಲು ತೊಳೆಯಲು ನೀರು ತಂದಳು.

ದಾವಣಗೆರೆಯವನು ಮುಂದಿನ ವಾರ ಬಂದ. ವಯಸ್ಸಿನಲ್ಲಿ ಚಿಕ್ಕವನು, ಮಾತು ಮೆತ್ತಗೆ. ತನ್ನ ಕಾಗದ ಪೆನ್ಸಿಲ್ಲು ತಂದಿದ್ದ. ಮಣೆಯನ್ನು ಮುಟ್ಟಿ ನೋಡಿ, ತನಗೆ ಬೇಕಾದಂತೆ ಬರೆದುಕೊಂಡ. ಅದರಲ್ಲಿ ನನ್ನ ಆಕ್ಷೇಪಣೆ ಇರಲಿಲ್ಲ. ಅವರವರ ದಾರಿ. ಉಣ್ಣೆಯನ್ನು ಏನಂತ ಬರೆಯಲಿ ಎಂದು ಕೇಳಿದ. ಉಣ್ಣೆ ಅಂತಲೇ ಬರಿ ಎಂದೆ.

ಆಮೇಲೆ ಅವನು ಕ್ಲಾರಿನೆಟ್ಟು ಜೋಡಿಸಿದ. ಆ ಸದ್ದು ನನಗೆ ಗೊತ್ತಿತ್ತು, ಒಂದು ತುಂಡು ಇನ್ನೊಂದರೊಳಗೆ ಕೂರುವ ಸದ್ದು. ಮೊದಲ ಸಾಲು ಊದಿದ. ಅವನ ಉಸಿರು ಸಾಲಿನ ಮಧ್ಯದಲ್ಲಿ ಮುಗಿಯಿತು.

"ಅಲ್ಲಿ ಎಳೀಬ್ಯಾಡಪ್ಪ. ಮೂರನೇ ಗುಳಿಗೆ ಹೋಗಾಕ್ಕಿಂತ ಮುಂಚೆ ಉಸಿರು ತಗ, ಯಾರಿಗೂ ಗೊತ್ತಾಗಲ್ಲ. ನಾನು ಅಲ್ಲೇ ತಗಂತಿದ್ದೆ."

ಮತ್ತೆ ಊದಿದ. ಹೇಳಿದಲ್ಲಿ ಉಸಿರು ತೆಗೆದುಕೊಂಡ. ಸಾಲು ಮುರಿಯಲಿಲ್ಲ.

"ಸರಿ ಬಂತೇನಣ್ಣ?"

"ಬಂತು" ಎಂದೆ. "ಮುಂದಿನ ಗುಳಿಗೆ ಹೋಗಾಣ."